ಮುತ್ತುಗದ ಮರವೂ ಕೊಳದ ನೀಲಿ ಹೂವೂ

ಹೂಬಿಡುವ ಗಿಡಮರಗಳ ಗುಣವನ್ನು ಅವುಗಳ ಬಣ್ಣ ಮತ್ತು ಪರಿಮಳಗಳಿಂದ ನಿರ್ಣಯಿಸುವುದು ಲೋಕದ ವಾಡಿಕೆ. ಮಳೆ ಕಡಮೆಯಾದ ಸೀಮೆಯಲ್ಲಿ ವಾಸಿಸುವ ನಾವು ಮತ್ತೊಂದು ಅಳತೆಗೋಲನ್ನೂ ಇಟ್ಟುಕೊಳ್ಳಬೇಕಾಗುತ್ತದೆ. ಆ ಗಿಡವು ನೀರಿನೊಡನೆ ಹೇಗೆ ನಡೆದುಕೊಳ್ಳುತ್ತದೆಂಬುದೇ ಆ ಅಳತೆಗೋಲು. ಶಿರಾ ತಾಲ್ಲೂಕಿನ ಗೌಡಗೆರೆಯ ಸುತ್ತಿನಲ್ಲಾಗಲಿ, ನೆರೆಯ ಮಧುಗಿರಿ, ಕೊರಟಗೆರೆ, ಪಾವಗಡಗಳಲ್ಲಾಗಲಿ ಮಳೆಯು ಅಲ್ಪ. ಅದರಲ್ಲಿಯೂ ಬಹುಪಾಲು ಬೀಳುವುದು ಭಾದ್ರಪದ, ಆಶ್ವಯುಜ ಮಾಸಗಳಲ್ಲಿ. ಆ ಎರಡು ತಿಂಗಳ ನೀರನ್ನು ವರ್ಷವೆಲ್ಲ ಕಾಪಾಡಿಕೊಳ್ಳುವುದಕ್ಕಾಗಿಯೇ ನಮ್ಮ ಹಿರಿಯರು ಊರೂರಿಗೂ ಕೆರೆ ಕಟ್ಟಿಸಿದರು. ಇಂತಹ ನೆಲದಲ್ಲಿ ಎರಡು ಹೂಗಳನ್ನು ಪಕ್ಕಪಕ್ಕದಲ್ಲಿಟ್ಟು ವಿಚಾರ ಮಾಡುವುದು ಪ್ರಯೋಜನಕರವೆಂದು ನಾವು ಭಾವಿಸುತ್ತೇವೆ. ಒಂದು, ಒಣನೆಲದ ಮುತ್ತುಗ; ಇನ್ನೊಂದು, ಅಲಂಕಾರಕ್ಕೆಂದು ಕೊಳಗಳಲ್ಲಿ ಬಿಡುವ ವಾಟರ್ ಹಯಸಿಂತ್ ಎಂಬ ತೇಲುಗಿಡ.

ಮುತ್ತುಗವನ್ನು ಸಂಸ್ಕೃತದಲ್ಲಿ ಪಲಾಶವೆಂದೂ ಕಿಂಶುಕವೆಂದೂ ಕರೆಯುತ್ತಾರೆ. ಮಾಘ ಮಾಸ ಕಳೆದು ಫಾಲ್ಗುಣ ಬರುವ ವೇಳೆಗೆ ಈ ಮರದಲ್ಲಿ ಎಲೆಗಳು ಬಹುತೇಕ ಉದುರಿ, ಬರಿಯ ಕೊಂಬೆಗಳ ಮೇಲೆ ಕೆಂಡದ ಬಣ್ಣದ ಹೂಗಳು ತುಂಬಿರುತ್ತವೆ. ಹೂವಿನ ದಳವು ಗಿಣಿಯ ಕೊಕ್ಕಿನಂತೆ ಬಾಗಿರುವುದರಿಂದ 'ಇದೇನು ಗಿಣಿಯೆ?' ಎಂಬ ಅರ್ಥದ ಕಿಂಶುಕವೆಂಬ ಹೆಸರು ಬಂದಿತೆಂದು ಹೇಳುತ್ತಾರೆ. ಈ ಹೂವಿಗೆ ಪರಿಮಳವಿಲ್ಲ. ಆದಕಾರಣ ರೂಪವಿದ್ದೂ ವಿದ್ಯೆಯಿಲ್ಲದವರನ್ನು ಸುಭಾಷಿತಕಾರರು ಕಿಂಶುಕಕ್ಕೆ ಹೋಲಿಸಿದ್ದುಂಟು. ಹೋಲಿಕೆ ಕಾವ್ಯಕ್ಕೆ ಒಪ್ಪುತ್ತದೆ. ಆದರೆ ಮರದ ನಡವಳಿಕೆಯನ್ನು ನೋಡಿದರೆ ಇದಕ್ಕೆ ವಿವೇಕವಿಲ್ಲವೆನ್ನುವಂತಿಲ್ಲ.

ಎಲೆಯ ಮೂಲಕವೇ ಮರದ ನೀರು ಬಹುಪಾಲು ಹೊರಹೋಗುವುದು. ನೆಲ ಒಣಗುವ ಕಾಲಕ್ಕೆ ಮುತ್ತುಗವು ಎಲೆಗಳನ್ನು ಉದುರಿಸಿ ತನ್ನ ವೆಚ್ಚವನ್ನು ಮೊದಲು ಕಡಿಮೆ ಮಾಡಿಕೊಳ್ಳುತ್ತದೆ. ಅನಂತರ, ಉಳಿಸಿಕೊಂಡ ಶಕ್ತಿಯಿಂದ ಹೂಬಿಡುತ್ತದೆ. ಸುತ್ತಲೂ ಹೂಗಳು ವಿರಳವಾಗಿರುವ ಆ ಬಿಸಿಲುಕಾಲದಲ್ಲಿ ಗೊರವಂಕ, ಸೂರಕ್ಕಿ ಮೊದಲಾದ ಹಕ್ಕಿಗಳು ಮಕರಂದಕ್ಕಾಗಿ ಬರುತ್ತವೆ. ಪರಾಗಸ್ಪರ್ಶವೂ ಅವುಗಳಿಂದಲೇ ನಡೆಯುತ್ತದೆ. ಕಾಯಿ ಚಪ್ಪಟೆಯಾಗಿದ್ದು ತುದಿಯಲ್ಲಿ ಒಂದೇ ಬೀಜವಿರುತ್ತದೆ. ಕಲ್ಲುನೆಲ, ಜೇಡಿ, ಚೌಳು ಯಾವುದಾದರೂ ಇದು ಸಹಿಸಿಕೊಳ್ಳುತ್ತದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ.

ಈ ಮರವು ನಮ್ಮ ಮನೆಗಳಿಗೆ ಅಪರಿಚಿತವೇನೂ ಅಲ್ಲ. ನವಗ್ರಹ ಹೋಮದಲ್ಲಿ ಚಂದ್ರನಿಗೆ ಪಲಾಶದ ಸಮಿತ್ತು ವಿಹಿತವಾಗಿದೆ. ಉಪನಯನದಲ್ಲಿ ವಟುವಿನ ಕೈಗೆ ಕೊಡುವುದು ಪಲಾಶದಂಡ. ಯಜ್ಞದಲ್ಲಿ ಜುಹೂ ಎಂಬ ಹೋಮಪಾತ್ರೆಯನ್ನು ಮಾಡುವುದೂ ಈ ಮರದಿಂದಲೇ. ಮೂರು ಎಲೆ ಕೂಡಿದ ಇದರ ಪರ್ಣಗಳನ್ನು ಕಡ್ಡಿಯಿಂದ ಹಚ್ಚಿ ಮಾಡಿದ ಊಟದೆಲೆಯಲ್ಲಿ ಉಣ್ಣದ ಹಿರಿಯರು ಈ ಸೀಮೆಯಲ್ಲಿ ಅಪರೂಪ. ಇದರಲ್ಲಿ ಒಂದು ಲೆಕ್ಕಾಚಾರವೂ ಅಡಗಿದೆ. ಬಾಳೆಯ ಎಲೆಗೆ ನೀರು ಹಾಯಿಸಿದ ತೋಟ ಬೇಕು. ಮುತ್ತುಗದ ಎಲೆಗೆ ಹೊಲದ ಬದು ಸಾಕು. ಇದರ ಚೌಬೀನೆ ಬಯಲಿನಲ್ಲಿ ಬೇಗ ಕೆಡುತ್ತದೆ, ಆದರೆ ನೀರಿನೊಳಗೆ ಬಾಳಿಕೆ ಬರುತ್ತದೆ. ಆದುದರಿಂದ ಹಿಂದಿನವರು ಬಾವಿಯೊಳಗಿನ ಕಟ್ಟಡಕ್ಕೆ ಅದನ್ನು ಬಳಸುತ್ತಿದ್ದುದುಂಟು. ನೀರಿಲ್ಲದ ನೆಲದಲ್ಲಿ ಬೆಳೆದು ನೀರಿನಲ್ಲಿ ಉಳಿಯುವುದು ಈ ಮರದ ವಿಶೇಷ.

ಇನ್ನು ಎರಡನೆಯದು. ವಾಟರ್ ಹಯಸಿಂತ್ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಪ್ರದೇಶದ ಗಿಡ. ಇದನ್ನು ಕೆಲವರು ಅಂತರಗಂಗೆಯೆಂದು ಕರೆಯುವುದುಂಟು. ಆದರೆ ನಮ್ಮ ವೈದ್ಯಗ್ರಂಥಗಳ ಅಂತರಗಂಗೆ ಬೇರೆಯೇ ಗಿಡ, ಅದಕ್ಕೆ ಕಣ್ಣಿಗೆ ಕಾಣುವಂತಹ ಹೂವೇ ಇಲ್ಲ. ತಾವರೆಯ ಹಾಗೆ ಇದು ಕೆಸರಿನಲ್ಲಿ ಬೇರೂರಬೇಕಾಗಿಲ್ಲ. ಎಲೆಯ ತೊಟ್ಟು ಬುರುಡೆಯಂತೆ ಉಬ್ಬಿ, ಒಳಗೆ ಗಾಳಿ ತುಂಬಿಕೊಂಡು ಗಿಡವನ್ನು ತೇಲಿಸುತ್ತದೆ. ಹೂಗೊಂಚಲು ತಿಳಿನೇರಳೆ, ಮೇಲಿನ ದಳದ ನಡುವೆ ನವಿಲುಗರಿಯ ಕಣ್ಣಿನಂತೆ ಒಂದು ಹಳದಿ ಚುಕ್ಕೆ. ನೋಡಿದವರು ಮೆಚ್ಚದೆ ಇರಲಾರರು. ಆ ಮೆಚ್ಚಿಕೆಯೇ ಈ ಗಿಡವನ್ನು ಖಂಡದಿಂದ ಖಂಡಕ್ಕೆ ಸಾಗಿಸಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಅಲಂಕಾರದ ಗಿಡವಾಗಿ ಬಂಗಾಳಕ್ಕೆ ಬಂದ ಇದು ಅಲ್ಲಿನ ಹೊಳೆಗಳನ್ನೂ ಭತ್ತದ ಗದ್ದೆಗಳನ್ನೂ ಎಷ್ಟು ಮುಚ್ಚಿತೆಂದರೆ, 1936ರಲ್ಲಿ ಇದನ್ನು ನಿಗ್ರಹಿಸುವುದಕ್ಕೆಂದೇ ಅಲ್ಲಿನ ಸರಕಾರ ಕಾಯಿದೆ ಮಾಡಬೇಕಾಯಿತು.

ಇದರ ವೃದ್ಧಿಯ ರೀತಿಯನ್ನು ಗಮನಿಸಬೇಕು. ತಾಯಿಗಿಡದಿಂದ ಬಳ್ಳಿಯಂತಹ ಕವಲು ಹೊರಟು, ಅದರ ತುದಿಯಲ್ಲಿ ಮರಿಗಿಡ ಹುಟ್ಟುತ್ತದೆ. ಬೆಚ್ಚನೆಯ, ಸಾರವುಳ್ಳ ನೀರಿದ್ದರೆ ಒಂದೆರಡು ವಾರಗಳಲ್ಲಿಯೇ ಗಿಡಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಎರಡು ವಾರಕ್ಕೊಮ್ಮೆ ಇಮ್ಮಡಿಯೆಂದು ಹಿಡಿದರೂ ಹತ್ತು ಗಿಡಗಳು ಹನ್ನೆರಡು ವಾರಗಳಲ್ಲಿ 640 ಆಗುತ್ತವೆ. ಅರ್ಧ ಕೆರೆ ಮುಚ್ಚಿರುವಾಗ 'ಇನ್ನೂ ಅರ್ಧ ಉಳಿದಿದೆಯಲ್ಲ' ಎಂದು ಸಮಾಧಾನಪಟ್ಟುಕೊಂಡವರಿಗೆ ಉಳಿದಿರುವುದು ಎರಡೇ ವಾರ.

ಮುಚ್ಚಿದ ಮೇಲೆ ಆಗುವುದೇನು? ಬೆಳಕು ಒಳಗಿಳಿಯುವುದಿಲ್ಲ, ಕೊಳೆತ ಎಲೆಗಳಿಂದ ನೀರಿನ ಪ್ರಾಣವಾಯು ಕ್ಷಯಿಸಿ ಮೀನುಗಳು ಸಾಯುತ್ತವೆ, ಸೊಳ್ಳೆಗಳಿಗೆ ಆಶ್ರಯ ದೊರೆಯುತ್ತದೆ, ತೂಬು, ಕೋಡಿಗಳು ಕಟ್ಟಿಕೊಳ್ಳುತ್ತವೆ. ಬಯಲಾಗಿರುವ ನೀರಿನಿಂದ ಹೋಗುವುದಕ್ಕಿಂತ ಹೆಚ್ಚು ನೀರು ಈ ಗಿಡದ ಎಲೆಗಳ ಮೂಲಕ ಆವಿಯಾಗಿ ಹೋಗುವುದೆಂದು ಅನೇಕ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಹೊಳೆಯ ಸೀಮೆಯವರು ಈ ನಷ್ಟವನ್ನು ತಾಳಿಕೊಂಡಾರು. ಎರಡು ತಿಂಗಳ ಮಳೆಯನ್ನೇ ನಂಬಿದವರು ತಾಳಿಕೊಳ್ಳಲಾರರು.

'ನಮ್ಮ ಕೆರೆಗಳು ಹೇಗೂ ಬೇಸಗೆಯಲ್ಲಿ ಒಣಗುತ್ತವೆ, ಗಿಡವೂ ಸಾಯುವುದಲ್ಲವೆ?' ಎಂದು ಕೆಲವರು ಕೇಳಬಹುದು. ಗಿಡ ಸಾಯುವುದು ನಿಜ, ಬೀಜ ಸಾಯುವುದಿಲ್ಲ. ಕೆರೆಯಂಗಳದ ಹೂಳಿನಲ್ಲಿ ಹದಿನೈದು, ಇಪ್ಪತ್ತು ವರ್ಷ ಮಲಗಿದ್ದು, ನೀರು ಬಂದೊಡನೆ ಮೊಳೆಯುವ ಸಾಮರ್ಥ್ಯ ಅದಕ್ಕಿದೆ. ಹೀಗೆ ಬರಗಾಲವು ಮುತ್ತುಗಕ್ಕೆ ಪರೀಕ್ಷೆಯಾದರೆ, ಈ ಗಿಡಕ್ಕೆ ಅದು ವಿಶ್ರಾಂತಿ ಮಾತ್ರ. ಮದಲೂರು ಕೆರೆಗೆ ಹೇಮಾವತಿಯ ನೀರು ಬರಬೇಕೆಂದು ಶಿರಾ ಸೀಮೆಯ ಜನರು ಎಷ್ಟು ವರ್ಷ ಕಾದರೆಂಬುದು ಎಲ್ಲರಿಗೂ ತಿಳಿದಿದೆ. ಅಷ್ಟು ಶ್ರಮದಿಂದ ಬಂದ ನೀರಿನ ಮೇಲೆ ಇಂತಹ ಹಾಸು ಹರಡಿದರೆ ಆ ಶ್ರಮವೆಲ್ಲ ವ್ಯರ್ಥ. ಇದೇ ತಾಲ್ಲೂಕಿನ ಕಗ್ಗಲಡುವಿನ ಹುಣಿಸೆಮರಗಳಲ್ಲಿ ಗೂಡುಕಟ್ಟುವ ಬಣ್ಣದ ಕೊಕ್ಕರೆಗಳಿಗೂ ಬೇಕಾದುದು ಕಾಲೂರಿ ಮೀನು ಹಿಡಿಯಬಲ್ಲ ತೆರೆದ ನೀರೇ.

ಬೆಂಗಳೂರಿನ ಉದಾಹರಣೆ ನಮಗೆ ಪಾಠವಾಗಬೇಕು. 1980ರ ದಶಕದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಗಿಡವನ್ನೇ ತಿಂದು ಬದುಕುವ, ಅದರ ತವರಿನದೇ ಆದ ಒಂದು ಮೂತಿಹುಳುವನ್ನು ಹೆಬ್ಬಾಳ ಮುಂತಾದ ಕೆರೆಗಳಲ್ಲಿ ಬಿಟ್ಟರು. ಹೆಬ್ಬಾಳದಲ್ಲಿ ಮೂರು ವರ್ಷದೊಳಗೆ ಕೆರೆ ತೆರವಾಯಿತು. ಆದರೂ ಬೆಳ್ಳಂದೂರಿನಂತಹ ಕೆರೆಗಳಿಗೆ ನಗರದ ಚರಂಡಿ ನೀರು ಹರಿಯುವುದು ನಿಲ್ಲದ ಕಾರಣ, ಆ ಸಾರವನ್ನುಂಡು ಗಿಡವು ಮತ್ತೆ ಮತ್ತೆ ಬೆಳೆಯಿತು. ಹುಳು ಗಿಡವನ್ನು ತಿನ್ನಬಲ್ಲುದು, ಕೊಳಚೆಯನ್ನು ತಡೆಯಲಾರದು.

ನ್ಯಾಯವಾಗಿ ಹೇಳಬೇಕಾದರೆ ಈ ಗಿಡದಲ್ಲಿಯೂ ಗುಣವಿದೆ. ಕೊಳಚೆಯ ಸಾರವನ್ನು ಹೀರಿಕೊಳ್ಳುತ್ತದೆ. ಶುದ್ಧವಾದ ನೀರಿನಲ್ಲಿ ಬೆಳೆದುದನ್ನು ಕಿತ್ತು ಕೊಳೆಯಿಸಿದರೆ ಗೊಬ್ಬರವಾಗುತ್ತದೆ. ಒಣಗಿಸಿದ ತೊಟ್ಟಿನಿಂದ ಬುಟ್ಟಿ ಹೆಣೆಯುತ್ತಾರೆ. ಮುತ್ತುಗದಲ್ಲಿಯೂ ಕೊರತೆಯಿದೆ: ಬೆಳವಣಿಗೆ ನಿಧಾನ, ಹೂವಿನ ಕಾಲ ಕೆಲವೇ ವಾರ, ಪರಿಮಳವಿಲ್ಲ. ಎರಡೂ ತಮ್ಮ ತವರಿನಲ್ಲಿ ನಿರ್ದೋಷಿಗಳೇ. ತವರಿನಲ್ಲಿ ತಿನ್ನುವ ಹುಳುಗಳಿಂದ ಹಯಸಿಂತ್ ಹದ್ದಿನಲ್ಲಿರುತ್ತದೆ. ಇಲ್ಲಿ ಆ ಹದ್ದು ಇಲ್ಲ. ಒಂದು ತಾನಿರುವ ನೆಲದ ಮಿತಿಯನ್ನು ಅರಿತು ಅರಳುತ್ತದೆ. ಇನ್ನೊಂದು ಮಿತಿಯಿಲ್ಲದಿರುವುದರಿಂದಲೇ ಅರಳುತ್ತದೆ. ಇದೇ ಇವೆರಡರ ಮುಖ್ಯ ಭೇದ.

ಆದುದರಿಂದ ಗೃಹಸ್ಥರೂ ದೇವಾಲಯದವರೂ ಕೆಲವು ವಿಷಯಗಳನ್ನು ಗಮನದಲ್ಲಿಡಬೇಕು. ತೆಪ್ಪೋತ್ಸವ ನಡೆಯುವ ಕಲ್ಯಾಣಿಗಳಲ್ಲಿಯಾಗಲಿ ಊರ ಕೆರೆಯಲ್ಲಿಯಾಗಲಿ ಈ ತೇಲುಗಿಡವನ್ನು ಎಂದೂ ಬಿಡಬಾರದು. ಮನೆಯ ತೊಟ್ಟಿಯಲ್ಲಿ ಇದ್ದರೆ, ತೊಟ್ಟಿ ತೊಳೆದ ನೀರನ್ನೂ ಗಿಡವನ್ನೂ ಚರಂಡಿಗೆ ಚೆಲ್ಲದೆ, ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಹೂ ಬಿಟ್ಟು ಬೀಜ ಕಟ್ಟಿದ್ದರೆ ಸುಟ್ಟುಬಿಡುವುದು ಮೇಲು. ಕೊಳಕ್ಕೆ ಹೂ ಬೇಕೆಂಬ ಆಸೆಯಿದ್ದರೆ ತಾವರೆಯನ್ನೋ ನೈದಿಲೆಯನ್ನೋ ಕುಂಡದಲ್ಲಿ ನೆಟ್ಟು ಇಳಿಸಬಹುದು. ಕೆರೆಯಲ್ಲಿ ಈ ಗಿಡ ಹತ್ತು ಕಂಡಾಗಲೇ ಕಿತ್ತು ದಡದಿಂದ ದೂರ ಹಾಕಬೇಕು.

ಮುತ್ತುಗದ ಬೀಜಗಳು ವೈಶಾಖ, ಜ್ಯೇಷ್ಠ ಮಾಸಗಳಲ್ಲಿ ಬಲಿತು ಉದುರುತ್ತವೆ. ಬಹುಕಾಲ ಇಟ್ಟರೆ ಮೊಳೆಯುವ ಶಕ್ತಿ ಕುಂದುವುದರಿಂದ ಆ ವರ್ಷದ ಮಳೆಗೇ ಬಿತ್ತಬೇಕು. ದೇವಾಲಯದ ಹಿತ್ತಲು, ಹೊಲದ ಬದು, ಊರ ಗೋಮಾಳದ ಅಂಚು ಇವೆಲ್ಲವೂ ಅದಕ್ಕೆ ತಕ್ಕ ಸ್ಥಳಗಳೇ. ಉಪನಯನದ ದಂಡಕ್ಕೂ ಹೋಮದ ಸಮಿತ್ತಿಗೂ ಪೇಟೆಯ ಅಂಗಡಿಯನ್ನು ಹುಡುಕುವ ನಾವು, ಮನೆಗೊಂದು ಬೀಜ ಬಿತ್ತಿದರೆ ಮುಂದಿನ ತಲೆಮಾರಿನವರಿಗೆ ಆ ಹುಡುಕಾಟ ತಪ್ಪುತ್ತದೆ. ಬೇಸಗೆಯ ಹಕ್ಕಿಗಳಿಗೂ ಮಕರಂದ ದೊರೆಯುತ್ತದೆ. ಅದಕ್ಕಾಗಿ ಕೆರೆಯಿಂದ ಒಂದು ಕೊಡ ನೀರನ್ನೂ ಕಸಿಯಬೇಕಾಗಿಲ್ಲ.

ಶ್ರೀಕೃಷ್ಣಾರ್ಪಣಮಸ್ತು