ವಾಟ್ ಲೆಕ್ಕ ಬಿಡಿ, ಮಾತು ಕೇಳಿಸಿಕೊಳ್ಳಿ

ಪ್ರಶ್ನೆ: ಕಳಸದ ಹತ್ತಿರ ನಮ್ಮದು ಹಳೇ ಹಂಚಿನ ಮನೆ. ನಡುಮನೆ 22 ಅಡಿ ಉದ್ದ, 16 ಅಡಿ ಅಗಲ, ಮೇಲೆ ಮುಚ್ಚಿಗೆ, ಕೆಳಗೆ ಕೆಂಪು ಸಿಮೆಂಟಿನ ನೆಲ. 35 ವಾಟಿನ ಹಳೇ ಆಂಪ್ಲಿಫೈಯರ್ ಗಟ್ಟಿಯಾಗಿದೆ, ಸ್ಪೀಕರ್ ಮಾತ್ರ ಗೊರಗೊರ ಅನ್ನುತ್ತಿವೆ. ಅಪ್ಪಯ್ಯನಿಗೆ 78 ವರ್ಷ. ತಾಳಮದ್ದಲೆ ಹಾಕಿದರೆ ‘ಜೋರು ಮಾಡು’ ಅಂತಾರೆ. ಜೋರು ಮಾಡಿದರೆ ‘ಏನು ಹೇಳ್ತಾನೋ ಗೊತ್ತಾಗಲ್ಲ’ ಅಂತಾರೆ. ಮಗನಿಗೆ ಸಬ್‌ವೂಫರ್ ಬೇಕು. ಅಂಗಡಿಯವರು 5.1 ಸೆಟ್ಟೇ ಒಯ್ಯಿರಿ ಅನ್ನುತ್ತಾರೆ. ಕಾಫಿ ದುಡ್ಡಿನಲ್ಲಿ 60 ಸಾವಿರ ಎತ್ತಿಟ್ಟಿದ್ದೇನೆ. ದೊಡ್ಡ ಟವರ್ ಸ್ಪೀಕರ್ ತರಲೇ? ತಪ್ಪಾದರೆ ಮನೆಯವರೆಲ್ಲ ನನ್ನನ್ನೇ ಅಂತಾರೆ.
– ಹೆಸರು ಬೇಡ, ಕಳಸ

ಉತ್ತರ: ಅಪ್ಪಯ್ಯನ ಎರಡು ಮಾತೂ ಸರಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಏರುಸ್ವರಗಳನ್ನು. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ಬಹುಪಾಲು 2,000 ಹರ್ಟ್ಸ್‌ನಿಂದ ಮೇಲೆ. ಅಲ್ಲಿ ಕಿವಿ ಮಂದವಾದರೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಜೋರು ಮಾಡಿದಾಗ ಮದ್ದಲೆಯ ಗುಂಯ್‌ಗುಡುವಿಕೆಯೂ ಗೋಡೆಯ ಮಾರ್ದನಿಯೂ ಎದ್ದು ಅರ್ಥಧಾರಿಯ ಮಾತನ್ನು ಮುಳುಗಿಸುತ್ತವೆ. ಹಾಗಾಗಿ ನೀವು ಹುಡುಕಬೇಕಾದದ್ದು ಮಾತು ಬಿಡಿಸಿ ಹೇಳುವ ಸ್ಪೀಕರ್. ಮಾತು ಸ್ಪಷ್ಟವಾದರೆ ಹಾಡೂ ಸರಿಹೋಗುತ್ತದೆ. ಈ ನಡುವೆ ಅಪ್ಪಯ್ಯನ ಕಿವಿಯನ್ನು ಒಮ್ಮೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಅದು ಸ್ಪೀಕರಿಗಿಂತ ಮೊದಲು ಆಗಬೇಕಾದ ಕೆಲಸ.

ಇನ್ನು ವಾಟ್. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಪಿಎಂಪಿಒ ಅಂಕಿಯನ್ನು ನೋಡಲೇಬೇಡಿ. ನಿಮಗೆ ಬೇಕಾದವು ಎರಡೇ ಅಂಕಿ: ಸೆನ್ಸಿಟಿವಿಟಿ ಮತ್ತು ಓಮ್. ಸೆನ್ಸಿಟಿವಿಟಿ ಎಂದರೆ ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದು. 88 ಡೆಸಿಬೆಲ್ಲಿನ ಜೋಡಿಯನ್ನು ಹತ್ತಡಿ ದೂರದಲ್ಲಿ ಕೂತು ಕೇಳಿದರೆ, ಒಂದೇ ವಾಟಿನಲ್ಲಿ ಸುಮಾರು 80 ಡೆಸಿಬೆಲ್ ಸಿಗುತ್ತದೆ. ಎದುರುಬದುರು ಕೂತು ಆಡುವ ಮಾತು 60ರ ಆಸುಪಾಸು. ನಿಮ್ಮ 35 ವಾಟ್ ಧಾರಾಳ ಸಾಕು. ವಾಟ್ ಎರಡು ಪಟ್ಟು ಮಾಡಿದರೂ ಹೆಚ್ಚುವುದು ಮೂರೇ ಡೆಸಿಬೆಲ್. ಓಮ್ ಎಂಟಿರಲಿ. ನಾಲ್ಕು ಓಮಿನದು ಹಳೇ ಆಂಪ್ಲಿಫೈಯರಿಗೆ ಹೆಚ್ಚಿನ ಹೊರೆ, ಅದು ಕಾಯುತ್ತದೆ.

ಟವರ್ ಬೇಡ. ಬುಕ್‌ಶೆಲ್ಫ್ ಅನ್ನುವ ನಡುಗಾತ್ರದ ಒಂದು ಜೋಡಿ ನಿಮಗೆ ಸಾಕು. 60 ಸಾವಿರವನ್ನು ಐದು ಸ್ಪೀಕರು, ಒಂದು ಸಬ್‌ವೂಫರು, ಹೊಸ ಆಂಪ್ಲಿಫೈಯರಿಗೆ ಹಂಚಿದರೆ ಪ್ರತಿಯೊಂದೂ ಅಗ್ಗದ್ದೇ ಬರುತ್ತದೆ. 45 ಸಾವಿರದವರೆಗೆ ಜೋಡಿಗೆ ಕೊಡಿ. ಉಳಿದದ್ದರಲ್ಲಿ ತೋಟದ ಸಿಲ್ವರ್ ಓಕ್ ಹಲಗೆಯಿಂದ ಆಚಾರ್ರ ಕೈಲಿ ಎರಡಡಿ ಎತ್ತರದ ಸ್ಟ್ಯಾಂಡ್ ಮಾಡಿಸಿ. ಕೂತವರ ಕಿವಿಗೂ ಏರುಸ್ವರ ಹೊರಡಿಸುವ ಟ್ವೀಟರಿಗೂ ಒಂದೇ ಎತ್ತರ ಬರಬೇಕು. ನೆಲಕ್ಕೆ ದಪ್ಪ ಜಮಖಾನ, ಗಾಜಿನ ಕಿಟಕಿಗೆ ಪರದೆ ಹಾಕಿ. ಅರ್ಧ ಮಾರ್ದನಿ ಅಲ್ಲೇ ಅಡಗುತ್ತದೆ. ಮಗನ ಸಬ್‌ವೂಫರ್ ಮುಂದಿನ ಕೊಯ್ಲಿಗಿರಲಿ.

ನಮ್ಮ ಕಡೆಯ ಮಳೆಗಾಲಕ್ಕೆ ತಾಳುವ ಮಾಲು ಬೇಕು. ಸ್ಪೀಕರಿನ ಕೋನ್ ಸುತ್ತಲಿನ ಅಂಚನ್ನು ಬೆರಳಿಂದ ಮೆಲ್ಲಗೆ ಮುಟ್ಟಿ ನೋಡಿ. ಫೋಮ್ ಆದರೆ ಥಂಡಿಗೆ ಕೆಲವೇ ವರ್ಷಗಳಲ್ಲಿ ಪುಡಿಪುಡಿ ಉದುರುತ್ತದೆ. ನಿಮ್ಮ ಹಳೇ ಜೋಡಿಯ ಗೊರಗೊರಕ್ಕೂ ಇದೇ ಕಾರಣ ಇರಬಹುದು, ಅಂಚು ಬದಲಾಯಿಸಿದರೆ ಮಗನ ಕೋಣೆಗೆ ಆದೀತು. ಹೊಸದರಲ್ಲಿ ರಬ್ಬರ್ ಅಂಚೇ ಇರಲಿ. ಎಂಡಿಎಫ್ ಪೆಟ್ಟಿಗೆ ನೀರು ಕುಡಿದರೆ ಊದಿಕೊಳ್ಳುತ್ತದೆ. ಎರಚಲು ಹೊಡೆಯುವ ಗೋಡೆಯಿಂದ ಒಂದೂವರೆ ಅಡಿ ದೂರ ಇಡಿ. ಗಾಳಿ ಹೊರಡುವ ಪೋರ್ಟಿನ ತೂತು ಮುಂದಿರುವುದೇ ಲೇಸು, ಹಿಂದಿದ್ದು ಗೋಡೆಗೆ ತಾಗಿದರೆ ಮದ್ದಲೆ ಮತ್ತೆ ಗುಂಯ್‌ಗುಡುತ್ತದೆ. ಆ ತೂತಿಗೆ ತೆಳು ಬಲೆ ಕಟ್ಟಿ, ಇಲ್ಲದಿದ್ದರೆ ಕಣಜ ಒಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಏಪ್ರಿಲ್–ಮೇ ಗುಡುಗು ಶುರುವಾದೊಡನೆ ಪ್ಲಗ್ ಕಿತ್ತಿಡಿ, ಸ್ಪೈಕ್ ಗಾರ್ಡ್ ನಂಬಬೇಡಿ. ಜುಲೈ ಮಳೆಯ ಸದ್ದಿಗೆ ವಾಟಿನಿಂದ ಉತ್ತರ ಕೊಡಲಾಗದು, ಅಪ್ಪಯ್ಯನ ಕುರ್ಚಿಯನ್ನು ಸ್ಪೀಕರಿಗೆ ಐದಡಿ ಹತ್ತಿರಕ್ಕೆ ಎಳೆಯಿರಿ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೂ ಹಾಸನಕ್ಕೆ ಹೋದರೂ ಕೇಳದೆ ಕೊಳ್ಳಬೇಡಿ. ಅಪ್ಪಯ್ಯನಿಗೆ ಬಾಯಿಪಾಠ ಇರುವ ಪ್ರಸಂಗದ ರೆಕಾರ್ಡಿಂಗನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅಂಗಡಿಯವರು ಹಾಕುವ ಡೆಮೊ ಹಾಡಿನಲ್ಲಿ ಎಲ್ಲ ಸ್ಪೀಕರೂ ಚೆಂದವೇ. ಎರಡು ಜೋಡಿಗಳನ್ನು ಒಂದೇ ಜೋರಿನಲ್ಲಿ ಇಟ್ಟು ಕೇಳಿ, ಜೋರು ಇದ್ದದ್ದೇ ಒಳ್ಳೆಯದು ಎಂದು ಕಿವಿ ಮೋಸ ಹೋಗುತ್ತದೆ. ಸಂವಾದದಲ್ಲಿ ‘ಸ’ ‘ಶ’ ಬೇರೆಬೇರೆ ಕೇಳಬೇಕು, ಸೀಟಿ ಹೊಡೆಯಬಾರದು. ಮದ್ದಲೆಯ ಪೆಟ್ಟು ಬಿದ್ದಲ್ಲೇ ನಿಲ್ಲಬೇಕು. ಇಬ್ಬರು ಅರ್ಥಧಾರಿಗಳ ಮಾತು ಸ್ಪೀಕರಿನೊಳಗಿಂದ ಬಂದಂತಿರದೆ, ಎರಡರ ನಡುವೆ ಕೂತು ಆಡಿದಂತಿರಬೇಕು. ಮನೆಗೆ ತಂದು ಜೋಡಿಸಿದಾಗ ದನಿ ತೆಳುವಾಗಿ ಚದುರಿದರೆ ಒಂದು ಸ್ಪೀಕರಿನ ಕೆಂಪು–ಕಪ್ಪು ವೈರು ಅದಲುಬದಲಾಗಿದೆ, ತಿರುಗಿಸಿ ಹಾಕಿ. ವೈರು 1.5 ಚದರ ಮಿಲಿಮೀಟರಿನ ತಾಮ್ರದ್ದು ಸಾಕು, ದುಬಾರಿ ಕೇಬಲಿಗೆ ದುಡ್ಡು ಸುರಿಯಬೇಡಿ.

ಅಪ್ಪಯ್ಯನಿಗೆ ಪ್ರಯಾಣ ಆಗುವುದಾದರೆ ಅಂಗಡಿಗೆ ಕರೆದೊಯ್ಯಿರಿ. ಆಗದಿದ್ದರೆ ವಾರದೊಳಗೆ ಬದಲಾಯಿಸಿಕೊಡುವ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಂಡು ಬನ್ನಿ. ಅವರಿಗೆ ಮಾತು ತಿಳಿದ ಜೋಡಿಯನ್ನೇ ಇಟ್ಟುಕೊಳ್ಳಿ, ಆಮೇಲೆ ಮನೆಯಲ್ಲಿ ಯಾರೂ ನಿಮ್ಮನ್ನು ಅನ್ನುವಂತಿಲ್ಲ.