ಹಳೆಯ ಗಣಕದ ಪುನಶ್ಚೇತನ

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿರುವ ಶಿವನಸಮುದ್ರದಲ್ಲಿ ಕಾವೇರಿಯು ಕವಲೊಡೆದು, ಗಗನಚುಕ್ಕಿ ಭರಚುಕ್ಕಿಗಳೆಂಬ ಹೆಸರಿನಿಂದ ಧುಮ್ಮಿಕ್ಕುತ್ತದೆ. ಆ ನೀರಿನ ಬಲದಿಂದ ನಡೆಯುವ ವಿದ್ಯುತ್ ಕೇಂದ್ರವು 1902ನೆಯ ಇಸವಿಯ ಜೂನ್ 30ರಂದು ಕಾರ್ಯಾರಂಭ ಮಾಡಿತು. ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಇಷ್ಟೆಲ್ಲ ಸಾಧನೆಯ ನಡುವೆಯೂ ಒಂದು ತೊಡಕು ಉಳಿದಿತ್ತು. ಮಳೆಗಾಲದಲ್ಲಿ ಭರದಿಂದ ತಿರುಗುವ ಚಕ್ರಗಳಿಗೆ ಬೇಸಗೆ ಬಂತೆಂದರೆ ಸಾಕಷ್ಟು ನೀರು ದೊರೆಯುತ್ತಿರಲಿಲ್ಲ. ಯಂತ್ರಗಳಿಗೆ ಯಾವ ರೋಗವೂ ತಗಲಿರಲಿಲ್ಲ. ಅವುಗಳ ಬಳಿಗೆ ಬರಬೇಕಾದುದು ಬರುತ್ತಿರಲಿಲ್ಲ, ಅಷ್ಟೆ. ಹೊಸ ಯಂತ್ರಗಳನ್ನು ತಂದು ಕೂಡಿಸಿದ್ದರೆ ಅವೂ ಅದೇ ಬೇಸಗೆಯಲ್ಲಿ ಸುಮ್ಮನೆ ನಿಲ್ಲುತ್ತಿದ್ದವು. ಕನ್ನಂಬಾಡಿಯಲ್ಲಿ 1911ರಲ್ಲಿ ಅಣೆಕಟ್ಟಿನ ಕೆಲಸ ಮೊದಲಾದುದಕ್ಕೆ ಶಿವನಸಮುದ್ರದ ಈ ಕೊರತೆಯೂ ಒಂದು ಮುಖ್ಯ ಕಾರಣ. ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳಿಗೆ ನಾಲೆಯ ನೀರು ಹರಿದುಬಂದುದೂ ಅದೇ ಜಲಾಶಯದಿಂದ.

ಶಿವನಸಮುದ್ರದ ಆ ತೊಡಕು ಇಂದು ಅನೇಕ ಮನೆಗಳಲ್ಲಿ ಚಿಕ್ಕ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಅಣ್ಣನೋ ಅಕ್ಕನೋ ಪದವಿ ತರಗತಿಯಲ್ಲಿ ಓದುತ್ತಿದ್ದಾಗ ಬಳಸಿದ ಲ್ಯಾಪ್‌ಟಾಪು ಬೀರುವಿನ ಮೇಲೆ ಧೂಳು ಹಿಡಿದು ಕುಳಿತಿರುತ್ತದೆ. ಗುಂಡಿ ಒತ್ತಿದರೆ ಅದು ಎಚ್ಚರಗೊಳ್ಳಲು ಐದು ನಿಮಿಷ ಬೇಕು. ಒಂದು ಪುಟ ತೆರೆಯುವಷ್ಟರಲ್ಲಿ ಮನೆಯವರು ಕಾಫಿ ಕುಡಿದು ಮುಗಿಸಿರುತ್ತಾರೆ. ‘ಇದರ ಕಾಲ ಮುಗಿಯಿತು, ಹೊಸದೇ ಬೇಕು’ ಎಂದು ತೀರ್ಮಾನವಾಗುತ್ತದೆ. ಹೊಸದರ ಬೆಲೆಯನ್ನು ವಿಚಾರಿಸಿದ ಮೇಲೆ ಆ ಮಾತೂ ನಿಂತುಹೋಗುತ್ತದೆ. ಕಾಲೇಜಿಗೆ ಸೇರಲಿರುವ ತಮ್ಮನೋ ತಂಗಿಯೋ ಗಣಕವಿಲ್ಲದೆಯೇ ವರ್ಷ ಕಳೆಯಬೇಕಾಗುತ್ತದೆ. ಆ ಹಳೆಯ ಯಂತ್ರಕ್ಕೆ ಕೊರತೆಯಾಗಿರುವುದು ಏನೆಂದು ಮಾತ್ರ ಯಾರೂ ಕೇಳಿರುವುದಿಲ್ಲ.

ಗಣಕದ ಒಳಗೆ ನಡೆಯುವ ವ್ಯವಹಾರವನ್ನು ಅರಿಯಲು ಮಂಡ್ಯ ಸೀಮೆಯ ಆಲೆಮನೆಯೊಂದನ್ನು ನೆನೆದರೆ ಸಾಕು. ಗದ್ದೆಯಲ್ಲಿ ಕಬ್ಬು ಬೆಳೆದು ನಿಂತಿದೆ. ಆಲೆಮನೆಯ ಅಂಗಳದಲ್ಲಿ ಕಡಿದು ತಂದ ಹೊರೆಗಳು ಬಿದ್ದಿವೆ. ಗಾಣವು ಜಲ್ಲೆಗಳನ್ನು ಅರೆಯುತ್ತಿದೆ. ಲ್ಯಾಪ್‌ಟಾಪಿನಲ್ಲಿ ಎಲ್ಲ ಕಡತಗಳನ್ನೂ ಕಾಪಾಡುವ ಹಾರ್ಡ್ ಡಿಸ್ಕು ಗದ್ದೆಯ ಸ್ಥಾನದಲ್ಲಿದೆ. ಸದ್ಯದ ಕೆಲಸಕ್ಕೆ ಬೇಕಾದುದನ್ನು ತಂದಿರಿಸಿಕೊಳ್ಳುವ ರ‍್ಯಾಮ್ ಎಂಬ ಸ್ಮೃತಿಯು ಅಂಗಳ. ಲೆಕ್ಕಗಳನ್ನೆಲ್ಲ ಮಾಡುವ ಪ್ರೊಸೆಸರು ಗಾಣ. ಗಾಣವು ಎಷ್ಟೇ ಬಲವಾಗಿದ್ದರೂ ಗದ್ದೆಯಿಂದ ಗಾಡಿ ಬಾರದಿದ್ದರೆ ಸುಮ್ಮನಿರಬೇಕು. ಅಂಗಳವು ತೀರ ಕಿರಿದಾಗಿದ್ದರೆ ಒಂದು ಹೊರೆಗೆ ಎಡೆಮಾಡಲು ಇನ್ನೊಂದನ್ನು ಮತ್ತೆ ಗದ್ದೆಗೆ ಹೊತ್ತುಹಾಕಿ, ಬೇಕಾದಾಗ ಪುನಃ ತರಬೇಕು. ಬುದ್ಧಿಯುಳ್ಳ ಯಾವ ರೈತನೂ ಹಾಗೆ ಮಾಡಲಾರನು. ಸ್ಮೃತಿ ಸಾಲದ ಗಣಕವು ದಿನವೆಲ್ಲ ಮಾಡುವುದು ಇದೇ ಕೆಲಸವನ್ನು.

ಆದುದರಿಂದ ಮೊದಲು ಆಗಬೇಕಾದುದು ಪರೀಕ್ಷೆ. ವಿಂಡೋಸ್ ಇರುವ ಗಣಕದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆಯುತ್ತದೆ. ಪ್ರೊಸೆಸರು, ಸ್ಮೃತಿ, ಡಿಸ್ಕುಗಳು ಆ ಕ್ಷಣದಲ್ಲಿ ಶೇಕಡಾ ಎಷ್ಟು ದುಡಿಯುತ್ತಿವೆಯೆಂಬುದು ಅಲ್ಲಿ ಕಾಣುತ್ತದೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಬಹುಮಟ್ಟಿಗೆ ಕಾಣುವ ನೋಟವೆಂದರೆ ಪ್ರೊಸೆಸರಿನ ಅಂಕಿ ಕೆಳಗೆ, ಡಿಸ್ಕಿನ ಅಂಕಿ 100ರಲ್ಲಿ. ಗಾಣ ಬಿಡುವಾಗಿದೆ, ಗಾಡಿ ಬಳಲಿದೆ ಎಂದು ಇದರ ಅರ್ಥ.

ಗಾಡಿ ಏಕೆ ಬಳಲುತ್ತದೆ? ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ಲೇಪವುಳ್ಳ ತಟ್ಟೆಗಳು ಸುತ್ತುತ್ತಿರುತ್ತವೆ. ಲ್ಯಾಪ್‌ಟಾಪುಗಳಲ್ಲಿ ಈ ತಟ್ಟೆಯ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಎಂದರೆ ಸೆಕೆಂಡಿಗೆ 90 ಸುತ್ತು. ಬೇಕಾದ ಮಾಹಿತಿ ಇರುವ ಜಾಗಕ್ಕೆ ಒಂದು ಪುಟ್ಟ ಕೈ ಚಲಿಸಬೇಕು; ಆ ಜಾಗವು ಸುತ್ತಿಬಂದು ಕೈಯ ಕೆಳಗೆ ನಿಲ್ಲುವವರೆಗೆ ಕಾಯಬೇಕು. ಇವೆರಡಕ್ಕೂ ಸೇರಿ ಸೆಕೆಂಡಿನ ಸಾವಿರದಲ್ಲಿ ಸುಮಾರು 15 ಭಾಗ ಕಾಲ ಹಿಡಿಯುತ್ತದೆ. ಮನುಷ್ಯನಿಗೆ ಇದು ಕಣ್ಣೆವೆ ಇಕ್ಕುವುದಕ್ಕಿಂತಲೂ ಕಡಿಮೆ. ಸೆಕೆಂಡಿಗೆ 160 ಕೋಟಿ ಬಾರಿ ಮಿಡಿಯುವ ಒಂದು ಸಾಧಾರಣ ಪ್ರೊಸೆಸರಿಗಾದರೋ ಅಷ್ಟರಲ್ಲಿ 2 ಕೋಟಿ 40 ಲಕ್ಷ ಮಿಡಿತಗಳು ವ್ಯರ್ಥವಾದಂತೆ! ಗಣಕವು ಎಚ್ಚರಗೊಳ್ಳುವಾಗ ಇಂತಹ ಚಿಕ್ಕಪುಟ್ಟ ಓದುಗಳು ಸಾವಿರಾರು ನಡೆಯುತ್ತವೆ. ಐದು ನಿಮಿಷ ಹೇಗೆ ಕಳೆದುಹೋಯಿತೆಂಬುದಕ್ಕೆ ಬೇರೆ ಉತ್ತರ ಬೇಕಿಲ್ಲ.

ಎಸ್.ಎಸ್.ಡಿ. ಎಂಬ ಸಂಗ್ರಾಹಕದಲ್ಲಿ ಸುತ್ತುವ ತಟ್ಟೆಯೂ ಇಲ್ಲ, ಚಲಿಸುವ ಕೈಯೂ ಇಲ್ಲ. ಮಾಹಿತಿಯು ಸಿಲಿಕಾನ್ ಬಿಲ್ಲೆಗಳಲ್ಲಿರುತ್ತದೆ. ಅದನ್ನು ಹುಡುಕಿ ತರಲು ಹಾರ್ಡ್ ಡಿಸ್ಕಿಗೆ ಹಿಡಿಯುವ ಕಾಲದ ನೂರನೆಯ ಒಂದು ಪಾಲು ಸಾಕು. ಹಾರ್ಡ್ ಡಿಸ್ಕನ್ನು ತೆಗೆದು ಎರಡೂವರೆ ಇಂಚಿನ ಎಸ್.ಎಸ್.ಡಿ.ಯನ್ನು ಕೂಡಿಸುವುದು ಹೆಚ್ಚಿನ ಹಳೆಯ ಲ್ಯಾಪ್‌ಟಾಪುಗಳಲ್ಲಿ ನಾಲ್ಕಾರು ತಿರುಪುಗಳ ಕೆಲಸ. ಖರ್ಚು ಹೊಸ ಯಂತ್ರದ ಬೆಲೆಯಲ್ಲಿ ಒಂದು ಸಣ್ಣ ಅಂಶ. ಹಳೆಯ ಗಣಕಕ್ಕೆ ಮಾಡಬಹುದಾದ ಉಪಕಾರಗಳಲ್ಲಿ ಇದನ್ನು ಮೀರಿಸಿದ್ದು ಮತ್ತೊಂದಿಲ್ಲ. ಆದರೆ ತಿರುಪುಗಳಿಗೆ ಕೈಹಚ್ಚುವ ಮೊದಲು ಮನೆಯವರ ಚಿತ್ರಗಳು, ಅಂಕಪಟ್ಟಿಗಳು, ಪಹಣಿಯ ಪ್ರತಿಗಳು ಎಲ್ಲವನ್ನೂ ಬೇರೆಡೆ ನಕಲು ಮಾಡಿಡಬೇಕು. ಹೋದ ವೇಗವನ್ನು ಮರಳಿ ಪಡೆಯಬಹುದು, ಅಳಿದ ಚಿತ್ರವನ್ನಲ್ಲ. ಕೆಲವು ಅಗ್ಗದ ಮಾದರಿಗಳಲ್ಲಿ ಸಂಗ್ರಾಹಕವನ್ನು ಮುಖ್ಯ ಫಲಕಕ್ಕೇ ಬೆಸುಗೆ ಹಾಕಿರುತ್ತಾರೆ. ಅಂಥವುಗಳಲ್ಲಿ ಈ ಉಪಾಯ ನಡೆಯದು.

ಸ್ಮೃತಿಯನ್ನು ಹೆಚ್ಚಿಸುವುದು ಎರಡನೆಯ ಉಪಾಯ. ಎರಡು ಗಿಗಾಬೈಟು ಇದ್ದ ಕಡೆ ನಾಲ್ಕೋ ಎಂಟೋ ಆದರೆ ಅಂಗಳ ವಿಶಾಲವಾದಂತೆಯೇ ಸರಿ. ಡಿ.ಡಿ.ಆರ್.3, ಡಿ.ಡಿ.ಆರ್.4 ಎಂಬ ಜಾತಿಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲವಾದ್ದರಿಂದ ಹಳೆಯ ತುಂಡನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗುವುದು ಲೇಸು.

ಬಿಸಿಲಿನ ನಾಡಿನಲ್ಲಿ ಬಿಸಿಯ ಮಾತನ್ನೂ ಆಡಬೇಕು. ಪ್ರೊಸೆಸರು ದುಡಿದಂತೆಲ್ಲ ಕಾಯುತ್ತದೆ. ಒಂದು ಸಣ್ಣ ಫ್ಯಾನು ಆ ಕಾವನ್ನು ಲೋಹದ ರೆಕ್ಕೆಗಳ ಮೂಲಕ ಹೊರಕ್ಕೆ ಊದುತ್ತದೆ. ಹಲವು ವರ್ಷಗಳ ಧೂಳು ಆ ರೆಕ್ಕೆಗಳ ನಡುವೆ ಕಂಬಳಿಯಂತೆ ಹೆಣೆದುಕೊಂಡರೆ ಗಾಳಿಗೆ ದಾರಿಯಿಲ್ಲ. ಆಗ ಪ್ರೊಸೆಸರು ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಗಣಕವು ಮಧ್ಯಾಹ್ನಕ್ಕೆ ಮಂದವಾಗುವುದು ಅನೇಕ ವೇಳೆ ಈ ಕಾರಣದಿಂದಲೇ. ಧೂಳನ್ನು ತೆಗೆದು, ಪ್ರೊಸೆಸರಿನ ಮೇಲೆ ಒಣಗಿರುವ ಶಾಖವಾಹಕ ಲೇಪವನ್ನು ಬದಲಿಸಿದರೆ ಅದು ಮೊದಲಿನ ಲವಲವಿಕೆಯನ್ನು ಪಡೆಯುವುದುಂಟು. ಹಾಸಿಗೆಯ ಮೇಲಿಟ್ಟು ಬಳಸುವ ಅಭ್ಯಾಸವನ್ನು ಬಿಡುವುದಕ್ಕಂತೂ ಕಾಸಿನ ಖರ್ಚೂ ಇಲ್ಲ.

ಯಂತ್ರದ ಮಾತು ಹೀಗಾದರೆ, ತಂತ್ರಾಂಶದ ಹೊರೆಯದು ಬೇರೊಂದು ಕಥೆ. ಗಣಕವು ಎದ್ದಕೂಡಲೇ ಯಾರೂ ಕರೆಯದೆ ತಾವೂ ಎದ್ದು ಕೂರುವ ತಂತ್ರಾಂಶಗಳು ಹತ್ತಾರು ಇರುತ್ತವೆ. ಟಾಸ್ಕ್ ಮ್ಯಾನೇಜರಿನಲ್ಲಿಯೇ ಅವನ್ನು ತಡೆಯಬಹುದು. ಒಂದೇ ಗುಂಡಿಯಿಂದ ವೇಗವನ್ನು ಇಮ್ಮಡಿಗೊಳಿಸುವೆವೆಂದು ಜಾಹೀರಾತು ನೀಡುವ ತಂತ್ರಾಂಶಗಳನ್ನು ನಂಬಬಾರದು. ಅವು ಬಹುತೇಕ ಇನ್ನೊಂದು ಹೊರೆಯೇ ಹೊರತು ಉಪಕಾರಿಗಳಲ್ಲ.

ಕಾರ್ಯಾಚರಣ ವ್ಯವಸ್ಥೆಯ ಪ್ರಶ್ನೆ ಇವೆಲ್ಲಕ್ಕಿಂತ ಗಂಭೀರವಾದುದು. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಗಿಗಾಬೈಟು ಸ್ಮೃತಿ, 64 ಗಿಗಾಬೈಟು ಸಂಗ್ರಹ, ಇವುಗಳ ಜೊತೆಗೆ ಟಿ.ಪಿ.ಎಂ. 2.0 ಎಂಬ ಭದ್ರತಾ ಏರ್ಪಾಡು ಮತ್ತು ಅದು ಒಪ್ಪುವ ಪ್ರೊಸೆಸರು ಇರಬೇಕು. ಚೆನ್ನಾಗಿ ನಡೆಯುತ್ತಿರುವ ಎಷ್ಟೋ ಯಂತ್ರಗಳು ಈ ಹೊಸ್ತಿಲನ್ನು ದಾಟಲಾರದೆ ಹೋದವು. ಇದು ಯಂತ್ರ ಸವೆದುದರ ಫಲವಲ್ಲ, ನಿಯಮ ಬದಲಾದುದರ ಫಲ ಎಂಬುದನ್ನು ಗಮನಿಸಬೇಕು.

ಇಂತಹ ಯಂತ್ರಗಳಿಗೆ ಆಶ್ರಯವಾಗಿರುವುದು ಲಿನಕ್ಸ್. ಫಿನ್‌ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಇದರ ತಿರುಳನ್ನು ರಚಿಸಿ ಲೋಕಕ್ಕೆ ಬಿಟ್ಟುಕೊಟ್ಟರು. ಇದರಲ್ಲಿ ಲುಬುಂಟು, ಎಕ್ಸ್‌ಎಫ್‌ಸಿಇ ಆವೃತ್ತಿಯ ಲಿನಕ್ಸ್ ಮಿಂಟ್ ಮುಂತಾದ ಹಗುರ ಬಗೆಗಳಿವೆ, ಬೆಲೆ ತೆರಬೇಕಿಲ್ಲ. ಒಂದು ಪೆನ್‌ಡ್ರೈವಿನಲ್ಲಿ ಇದನ್ನು ಸಿದ್ಧಪಡಿಸಿಕೊಂಡರೆ ಡಿಸ್ಕಿನಲ್ಲಿರುವುದನ್ನು ಮುಟ್ಟದೆಯೇ ಗಣಕವನ್ನು ನಡೆಸಿ ನೋಡಬಹುದು. ಪರದೆ, ಧ್ವನಿ, ವೈಫೈಗಳು ಸರಿಯಾಗಿವೆಯೆಂದು ಖಚಿತವಾದ ಮೇಲೆಯೇ ಒಳಗೆ ಸ್ಥಾಪಿಸಿದರಾಯಿತು. ಇದು ಪಂಡಿತರ ಸೊತ್ತೆಂಬ ಅಂಜಿಕೆ ಬೇಕಿಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಗಣಕ ಶಿಕ್ಷಣವು ಲಿನಕ್ಸಿನಲ್ಲಿಯೇ ನಡೆಯುತ್ತದೆ; ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಎಚ್ಚರಿಕೆ ಅವಶ್ಯ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯ ಹಿಂದಿನ ಆವೃತ್ತಿಗಳಲ್ಲಿ ಸಿದ್ಧಪಡಿಸಿದ ಕಡತಗಳು ಯೂನಿಕೋಡ್ ಶಿಷ್ಟತೆಗೆ ಮೊದಲಿನ ಸಂಕೇತಗಳಲ್ಲಿವೆ. ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ತೆರೆದರೆ ಅಜ್ಜನ ಕೈಬರಹದಿಂದ ಆಸ್ಥೆಯಿಂದ ಬೆರಳಚ್ಚು ಮಾಡಿದ ಪದಗಳು ರೋಮನ್ ಅಕ್ಷರಗಳ ಅರ್ಥವಿಲ್ಲದ ರಾಶಿಯಾಗಿ ಕಾಣುತ್ತವೆ. ಹಳೆಯ ವ್ಯವಸ್ಥೆಯನ್ನು ಅಳಿಸುವ ಮೊದಲೇ ಪರಿವರ್ತಕದ ನೆರವಿನಿಂದ ಅವನ್ನು ಯೂನಿಕೋಡಿಗೆ ತಂದಿರಿಸಬೇಕು. ಕೀಲಿಮಣೆಯ ಬಗೆಗೆ ಮಾತ್ರ ಚಿಂತೆಯಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ ‘ಕಗಪ’ ಕೀಲಿಮಣೆಯು ಲಿನಕ್ಸಿನ ಭಾಷಾಪಟ್ಟಿಯಲ್ಲಿ ಮೊದಲೇ ಸೇರಿಕೊಂಡಿದೆ.

ಇಷ್ಟಾಗಿಯೂ ಎಲ್ಲ ಹಳೆಯ ಯಂತ್ರಗಳನ್ನೂ ಉಳಿಸಿಕೊಳ್ಳಲಾಗದು. ಮೂವತ್ತೆರಡು ಬಿಟ್ಟಿನ ಪ್ರೊಸೆಸರುಳ್ಳ ಗಣಕಗಳನ್ನು ಲಿನಕ್ಸಿನ ಪ್ರಮುಖ ಬಗೆಗಳೂ ಒಂದೊಂದಾಗಿ ಕೈಬಿಟ್ಟಿವೆ. ದೊಡ್ಡ ಚಲನಚಿತ್ರಗಳನ್ನು ಸಂಕಲಿಸುವುದಾಗಲಿ ಹೊಸ ಆಟಗಳನ್ನು ಆಡುವುದಾಗಲಿ ಹತ್ತು ವರ್ಷದ ಲ್ಯಾಪ್‌ಟಾಪಿಗೆ ಆಗುವ ಕೆಲಸವಲ್ಲ. ಪತ್ರ, ಲೆಕ್ಕ, ಪಾಠದ ವಿಡಿಯೊ, ಪ್ರೋಗ್ರಾಮಿಂಗ್ ಅಭ್ಯಾಸ ಇವು ಅದಕ್ಕೆ ತಕ್ಕವು. ಬ್ಯಾಟರಿ ಉಬ್ಬಿ ಕೀಲಿಮಣೆಯು ಮೇಲೆದ್ದಿದ್ದರೆ ಅಂಥದನ್ನು ಕೂಡಲೇ ಆರಿಸಿಬಿಡಬೇಕು. ಒತ್ತುವುದು, ಚುಚ್ಚುವುದು, ಮತ್ತೆ ಚಾರ್ಜಿಗೆ ಹಾಕುವುದು ಬೆಂಕಿಯನ್ನು ಆಹ್ವಾನಿಸಿದಂತೆ. ನಿಜವಾಗಿಯೂ ಕಾಲ ಮುಗಿದ ಯಂತ್ರವನ್ನು ಕಸದ ಗಾಡಿಗೆ ಎಸೆಯದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರ ಕಡೆಗೆ ಕಳುಹಿಸಬೇಕು. ಎಸ್.ಎಸ್.ಡಿ. ಕೂಡಿಸುವಾಗ ಹೊರತೆಗೆದ ಹಾರ್ಡ್ ಡಿಸ್ಕು ಇನ್ನೂ ಸುಸ್ಥಿತಿಯಲ್ಲಿದ್ದರೆ, ಅಗ್ಗದ ಹೊರಕವಚವೊಂದನ್ನು ತೊಡಿಸಿ ಮನೆಯ ಕಡತಗಳ ಎರಡನೆಯ ಪ್ರತಿಯನ್ನು ಅದರಲ್ಲಿ ಇರಿಸಿಕೊಳ್ಳಬಹುದು.