ಜೋಳದ ಕಣಜವೂ ಆಹಾರದ ಕಾಯಿದೆಯೂ
ಮೊಗುಡಂಪಲ್ಲಿಯನ್ನೊಳಗೊಂಡ ಜಹೀರಾಬಾದ್ ಸೀಮೆಯವರಿಗೆ ಜೋಳವೇ ಹಿಂದಿನಿಂದ ಬಂದ ಆಹಾರ. 1983ರಲ್ಲಿ ಅಂದಿನ ಆಂಧ್ರಪ್ರದೇಶ ಸರ್ಕಾರವು ಬಡವರಿಗೆ ಕಿಲೋಗೆ 2 ರೂಪಾಯಿಯಂತೆ ಅಕ್ಕಿ ಕೊಡತೊಡಗಿತು. ಹಸಿದವರಿಗೆ ಅದು ಉಪಕಾರವೇ ಸರಿ; ಜೋಳದ ಹೊಲಗಳಿಗೆ ಮಾತ್ರ ಅಲ್ಲ.

ಮೈಸೂರಿನ ಪಿ. ವಿ. ಸತೀಶ್ ಮೊದಲಾದವರು ಪಸ್ತಾಪುರದಲ್ಲಿ ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು 1990ರ ದಶಕದಲ್ಲಿ ಬೇರೊಂದು ಪಡಿತರವನ್ನೇ ನಡೆಸಿದವು. ಬೀಳುಭೂಮಿಯನ್ನು ಉಳಲು ರೈತನಿಗೆ ಸಾಲ. ತೀರುವಳಿ ಹಣದಲ್ಲಲ್ಲ, ಜೋಳದಲ್ಲಿ. ಆ ಜೋಳವು ಊರ ಕಣಜದಿಂದ ಕಡುಬಡವರಿಗೆ ಅಗ್ಗದಲ್ಲಿ. ಕಡುಬಡವರಾರೆಂದು ನಿರ್ಣಯಿಸಿದವರು ಊರವರೇ.

ಈ ಧಾನ್ಯಗಳನ್ನು ಸರ್ಕಾರದ ಪಡಿತರಕ್ಕೂ ಸೇರಿಸಬೇಕೆಂದು ಸಂಘಗಳು ಕೇಳುತ್ತ ಬಂದವು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಕಿಲೋಗೆ ಅಕ್ಕಿ 3, ಗೋಧಿ 2, ಒರಟು ಧಾನ್ಯ 1 ರೂಪಾಯಿಯೆಂದು ವಿಧಿಸಿತು. (ಒರಟೆಂಬ ಹೆಸರು ನಮಗೆ ಒಪ್ಪಿಗೆಯಿಲ್ಲ.) ಶಾಸನ ಮಾಡಿದುದು ಸಂಸತ್ತು; ಜೋಳವನ್ನು ಕೊಂಡು ಅಂಗಡಿಗೆ ಮುಟ್ಟಿಸುವುದು ರಾಜ್ಯಗಳ ಪಾಲಿನ ಕೆಲಸ. ಆದುದರಿಂದ ರೈತಸಂಘಗಳ ಅರ್ಜಿಯು ವಿಧಾನಸಭೆಯ ಸದಸ್ಯರಿಗೇ ಸಲ್ಲತಕ್ಕುದು. ಅದರಲ್ಲಿ ಖರೀದಿಯ ಬೆಲೆಯೊಡನೆ ಖರೀದಿಯ ತಿಂಗಳನ್ನೂ ಕಾಣಿಸಬೇಕು. ರಾಶಿಯಾದ ಮೇಲೆ ಸಾಲಗಾರ ರೈತನು ಬಹುಕಾಲ ಕಾಯಲಾರನು.